ಕರ್ಲ್ಜ್ ಫಾಂಟ್: ಸುರುಳಿ ಅಕ್ಷರಕ್ಕೆ ಜಾಗ ಬೇಕು

ನಮ್ಮ ಅಂಗಡಿಗೆ ಬರುವ ಯಾರೂ ಈ ಫಾಂಟಿನ ಹೆಸರು ಹೇಳುವುದಿಲ್ಲ. ‘ಅಕ್ಕಾರ, ಆ ಸುಳಿ ಸುಳಿ ಅಕ್ಷರ ಇರ್ತಾವಲ್ರಿ, ಅವ ಹಾಕ್ರಿ’ ಅನ್ನುತ್ತಾರೆ. ಮಗುವಿನ ಮೊದಲ ಹುಟ್ಟುಹಬ್ಬದ ಬ್ಯಾನರ್ ಇರಲಿ, ತೊಟ್ಟಿಲು ಕಾರ್ಯಕ್ರಮದ ಕಾರ್ಡ್ ಇರಲಿ, ಕೇಕ್ ಅಂಗಡಿ ಅಥವಾ ಪ್ಲೇ ಹೋಮ್ ಬೋರ್ಡ್ ಇರಲಿ, ಇಂಗ್ಲಿಷ್ ಹೆಸರು ಬಂದ ಕೂಡಲೇ ಬೆರಳು ಹೋಗುವುದು ಇದರ ಕಡೆಗೆ. ಹೆಸರು ಕರ್ಲ್ಜ್ ಎಂಟಿ. ನಾನು ಬೆಳಗಾವಿಯಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ) ಮತ್ತು ಬೋರ್ಡ್ ಕೆಲಸ ಮಾಡುವವಳು. ಇದನ್ನು ಕಾಗದ, ಫ್ಲೆಕ್ಸ್, ರೇಡಿಯಂ (ಕತ್ತರಿಸಿ ಅಂಟಿಸುವ ಸ್ಟಿಕ್ಕರ್ ಹಾಳೆ), ಅಕ್ರಿಲಿಕ್ ಎಲ್ಲದರ ಮೇಲೂ ಹಾಕಿ ನೋಡಿದ್ದೇನೆ.

ಡಿಸೈನ್ ಓದಿ ಬಂದವರು ಈ ಫಾಂಟ್ ಕಂಡರೆ ಮೂಗು ಮುರಿಯುತ್ತಾರೆ. ಅದು ಸರಿ ಅಂತ ನನಗೆ ಅನ್ನಿಸುವುದಿಲ್ಲ. ಇದು ಚೆನ್ನಾಗಿ ಮಾಡಿದ ಫಾಂಟ್. ಆದರೆ ಇದಕ್ಕೆ ಜಾಗ ಬೇಕು. ಪಕ್ಕದಲ್ಲಿ ಗದ್ದಲ ಮಾಡದ ಕನ್ನಡ ಅಕ್ಷರ ಬೇಕು. ಇವೆರಡೂ ಸಿಗದ ಕಡೆ ಹಾಕಲೇಬಾರದು.

ಇದನ್ನು 1995ರಲ್ಲಿ ಕಾರ್ಲ್ ಕ್ರಾಸ್‌ಗ್ರೋವ್ ಮತ್ತು ಸ್ಟೀವ್ ಮ್ಯಾಟೆಸನ್ ಸೇರಿ ಮೊನೊಟೈಪ್ ಅನ್ನುವ ಫಾಂಟ್ ಕಂಪನಿಗಾಗಿ ಮಾಡಿದರು. ಆಮೇಲೆ ಮೈಕ್ರೋಸಾಫ್ಟ್ ಆಫೀಸ್ ಜೊತೆಗೆ ಸೇರಿಕೊಂಡು ಊರೂರಿನ ಡಿಟಿಪಿ ಅಂಗಡಿಗಳಿಗೆ ಬಂತು. ಇವರಲ್ಲಿ ಮ್ಯಾಟೆಸನ್ ಅವರ ಕೆಲಸ ನೋಡದವರು ನಮ್ಮೂರಿನಲ್ಲೂ ಕಡಿಮೆ. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಇಂಗ್ಲಿಷ್ ಓದುತ್ತಿದ್ದೆವಲ್ವಾ, ಆ ಡ್ರಾಯ್ಡ್ ಸಾನ್ಸ್ ಅಕ್ಷರ ಅವರದೇ. ವೆಬ್‌ಸೈಟುಗಳಲ್ಲಿ ಎಲ್ಲಾ ಕಡೆ ಕಾಣುವ ಓಪನ್ ಸಾನ್ಸ್ ಕೂಡ ಅವರದೇ. ಅಷ್ಟು ನೇರ, ಅಷ್ಟು ಸ್ವಚ್ಛ ಅಕ್ಷರ ಬರೆದ ಕೈಯೇ ಈ ಸುರುಳಿಗಳನ್ನೂ ಬರೆದಿದೆ. ಇದು ಗೊತ್ತಾದ ಮೇಲೆ ಇದನ್ನು ಹಗುರವಾಗಿ ನೋಡುವುದನ್ನು ನಾನು ಬಿಟ್ಟೆ.

ಸೆರಿಫ್ ಅಂದರೆ ಅಕ್ಷರದ ಗೆರೆ ಮುಗಿಯುವ ತುದಿಯಲ್ಲಿ ಇರುವ ಸಣ್ಣ ಪಾದ. ಟೈಮ್ಸ್ ನ್ಯೂ ರೋಮನ್ ನೋಡಿದರೆ ಗೊತ್ತಾಗುತ್ತದೆ. ಕರ್ಲ್ಜ್‌ನಲ್ಲಿ ಆ ಪಾದ ನಿಲ್ಲುವುದಿಲ್ಲ. ಒಳಗೆ ಸುತ್ತಿಕೊಂಡು ಸುರುಳಿಯಾಗುತ್ತದೆ. ನಮ್ಮ ಕ್ಯಾಂಪ್ (ದಂಡು ಪ್ರದೇಶ) ಕಡೆ ಹಳೆಯ ಬಂಗಲೆಗಳ ಗೇಟಿಗೆ ಕಬ್ಬಿಣದ ಸಲಾಕೆ ಬಾಗಿಸಿ ಸುತ್ತಿರುತ್ತಾರಲ್ಲ, ಹಾಗೆ. ಗೆರೆ ಎಲ್ಲಾ ಕಡೆ ಹೆಚ್ಚು ಕಡಿಮೆ ಒಂದೇ ದಪ್ಪ. ಅಕ್ಷರಗಳು ಸ್ವಲ್ಪ ವಾಲಿ ಕುಣಿದ ಹಾಗೆ ಇರುತ್ತವೆ. ಆದರೂ ಪದ ಚದುರಿ ಹೋಗುವುದಿಲ್ಲ. ದೊಡ್ಡಕ್ಷರದಲ್ಲಿ ಸುರುಳಿಯ ಅಬ್ಬರ ಜಾಸ್ತಿ, ಚಿಕ್ಕಕ್ಷರದಲ್ಲಿ ಕಡಿಮೆ. ಹಾಗಾಗಿ ಮೊದಲ ಅಕ್ಷರ ದೊಡ್ಡದು, ಉಳಿದವು ಚಿಕ್ಕವು ಅಂತ ಬರೆದರೆ ಹೆಸರು ಸಲೀಸಾಗಿ ಓದಿಸಿಕೊಳ್ಳುತ್ತದೆ. ಎಲ್ಲವನ್ನೂ ದೊಡ್ಡಕ್ಷರದಲ್ಲಿ ಹೊಡೆದರೆ ಸುರುಳಿಗೆ ಸುರುಳಿ ತಾಕಿ ಯಾವ ಅಕ್ಷರ ಎಲ್ಲಿ ಮುಗಿಯಿತು ಅನ್ನುವುದೇ ತಿಳಿಯುವುದಿಲ್ಲ. ಗಿರಾಕಿಗಳು ಕೇಳುವುದು ಹೆಚ್ಚಾಗಿ ಹಾಗೆಯೇ. ನಾನು ಎರಡನ್ನೂ ಸ್ಕ್ರೀನ್ ಮೇಲೆ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಆಮೇಲೆ ವಾದವೇ ಇರುವುದಿಲ್ಲ.

ನನ್ನ ಸೋದರಮಾವ ಬ್ರಷ್ ಹಿಡಿದು ಬೋರ್ಡ್ ಬರೆಯುತ್ತಿದ್ದರು. ಸೀಮೆಸುಣ್ಣದ ದಾರ ಹೊಡೆದು ಗೆರೆ ಹಾಕಿ, ಎನಾಮಲ್ ಪೇಂಟಿನಲ್ಲಿ ಬರೆಯುವ ಕಾಲ ಅದು. ಇಂಗ್ಲಿಷ್ ಹೆಸರಿಗೆ ಸುರುಳಿ ಬೇಕು ಅಂದರೆ ಮೊದಲ ಅಕ್ಷರಕ್ಕೆ ಒಂದು, ಕೊನೆಯ ಅಕ್ಷರಕ್ಕೆ ಒಂದು, ಅಷ್ಟೇ ಕೊಡುತ್ತಿದ್ದರು. ಕರ್ಲ್ಜ್‌ನಲ್ಲಿ ಆ ಆಯ್ಕೆ ಇಲ್ಲ, ಎಲ್ಲಕ್ಕೂ ಸುರುಳಿ ಬಂದೇ ಬರುತ್ತದೆ. ಉದ್ದದ ಹೆಸರು ಬಂದಾಗ ನಾನು ಮೊದಲ ಅಕ್ಷರವನ್ನು ಮಾತ್ರ ಕರ್ಲ್ಜ್‌ನಲ್ಲಿ ದೊಡ್ಡದಾಗಿ ಇಟ್ಟು, ಉಳಿದದ್ದನ್ನು ಸಾದಾ ಅಕ್ಷರದಲ್ಲಿ ಬರೆಯುತ್ತೇನೆ. ಚೆಲುವೂ ಉಳಿಯುತ್ತದೆ, ಓದಲೂ ಬರುತ್ತದೆ.

ಎಲ್ಲಿ ಇದು ನಿಜವಾಗಿ ಗೆಲ್ಲುತ್ತದೆ ಅಂದರೆ, ಜನ ನಿಂತು ನೋಡುವ ಕಡೆ. ಟಿಳಕವಾಡಿಯ ರೈಲ್ವೆ ಗೇಟ್ ಬಿದ್ದಾಗ ನೋಡಿ. ಸ್ಕೂಟರ್ ಆಫ್ ಮಾಡಿಕೊಂಡು ನಿಂತವರು ಸುತ್ತಲಿನ ಬೋರ್ಡ್‌ಗಳನ್ನೆಲ್ಲಾ ಓದುತ್ತಾರೆ. ಅಂಥ ಕಡೆ ಸುರುಳಿ ಅಕ್ಷರದ ಕೇಕ್ ಅಂಗಡಿ ಬೋರ್ಡ್ ಕಣ್ಣಿಗೆ ಹಬ್ಬ. ಖಾನಾಪುರ ರಸ್ತೆಯಲ್ಲಿ ವೇಗವಾಗಿ ಹೋಗುವವರಿಗೆ ಅದೇ ಬೋರ್ಡ್ ಒಂದು ಬಳ್ಳಿಯ ಚಿತ್ರ ಅಷ್ಟೇ, ಹೆಸರು ತಲೆಗೆ ಹೋಗುವುದಿಲ್ಲ. ಹುಟ್ಟುಹಬ್ಬದ ಬ್ಯಾಕ್‌ಡ್ರಾಪ್‌ಗೂ ಇದು ತುಂಬಾ ಚೆನ್ನ, ಯಾಕೆಂದರೆ ಅಲ್ಲಿ ಮಗುವಿನ ಹೆಸರು ಒಂದೇ ಇರುತ್ತದೆ, ಅದರ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಐದಾರು ಅಕ್ಷರ, ಒಂದು ಮೊಳ ಎತ್ತರ, ಸುತ್ತ ಖಾಲಿ ಬಿಳಿ ಜಾಗ. ಈ ಫಾಂಟನ್ನು ಇದಕ್ಕಾಗಿಯೇ ಮಾಡಿದ್ದಾರೆ ಅನ್ನಿಸುತ್ತದೆ.

ಸಾಮಾನಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಸ್ಕ್ರೀನ್ ಮೇಲೆ ಚೆಂದ ಕಂಡ ಅಕ್ಷರ ಕೈಗೆ ಬರುವಷ್ಟರಲ್ಲಿ ಬೇರೆಯೇ ಆಗಿರುತ್ತದೆ.

ಫ್ಲೆಕ್ಸ್ ಪ್ರಿಂಟಿನಲ್ಲಿ ತೊಂದರೆ ಕಡಿಮೆ. ಅಕ್ಷರ ದೊಡ್ಡದಿರುತ್ತದೆ, ಶಾಯಿ ಸ್ವಲ್ಪ ಹರಡಿದರೂ ಸುರುಳಿಯ ಒಳಗಿನ ಜಾಗ ಉಳಿಯುತ್ತದೆ. ರೇಡಿಯಂ ಕಟಿಂಗ್‌ನಲ್ಲಿ ಕಥೆ ಬೇರೆ. ಹಾಳೆ ಕತ್ತರಿಸುವ ಯಂತ್ರ, ಅಂದರೆ ಪ್ಲಾಟರಿನ ಬ್ಲೇಡ್ ಪ್ರತಿ ಸುರುಳಿಯ ಹೊರಗೂ ಒಳಗೂ ತಿರುಗಬೇಕು. ಸಾದಾ ಅಕ್ಷರಕ್ಕಿಂತ ಹೊತ್ತು ಜಾಸ್ತಿ ಹಿಡಿಯುತ್ತದೆ. ಕತ್ತರಿಸಿದ ಮೇಲೆ ಬೇಡದ ಭಾಗ ಕೀಳುವಾಗ ಸುರುಳಿಯ ತುದಿ ಅದರ ಜೊತೆಗೇ ಎದ್ದು ಬರುತ್ತದೆ. ಎರಡು ಇಂಚಿಗಿಂತ ಕಡಿಮೆ ಎತ್ತರದ ಅಕ್ಷರವನ್ನು ನಾನು ರೇಡಿಯಂನಲ್ಲಿ ಒಪ್ಪಿಕೊಳ್ಳುವುದೇ ಇಲ್ಲ. ಅಂಟಿಸಿದ ಮೇಲೂ ಬಿಸಿಲಿಗೆ, ನೀರಿಗೆ ಮೊದಲು ಬಿಡುವುದು ಆ ತೆಳು ತುದಿಯೇ. ಬೆಳಗಾವಿಯ ಮಳೆಗಾಲ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಅಕ್ರಿಲಿಕ್ ಅಕ್ಷರ ಲೇಸರಿನಲ್ಲಿ ಕತ್ತರಿಸಿದರೆ ಅಂಚು ನುಣುಪಾಗಿ, ನಿಜಕ್ಕೂ ಸೊಗಸಾಗಿ ಬರುತ್ತದೆ. ಆದರೆ ಗೆರೆ ಸಪೂರ. ಸಾಗಿಸುವಾಗ ಸುರುಳಿ ಮುರಿಯುವ ಭಯ ಇದ್ದೇ ಇರುತ್ತದೆ. ಒಳಗೆ ಎಲ್‌ಇಡಿ ಇಟ್ಟು ಬೆಳಗಿಸುವ ಅಕ್ಷರ ಮಾಡಬೇಕು ಅಂದರೆ, ಆ ಸಪೂರ ಗೆರೆಯೊಳಗೆ ಎಲ್‌ಇಡಿ ಪಟ್ಟಿ ಕೂರಲು ಜಾಗವೇ ಸಾಲದು. ಅಂಥವರಿಗೆ ನಾನು ಬೇರೆ ದಾರಿ ಹೇಳುತ್ತೇನೆ. ಅಕ್ಷರವನ್ನು ಗಟ್ಟಿ ಅಕ್ರಿಲಿಕ್‌ನಲ್ಲೇ ಮಾಡಿ, ಹಿಂದಿನ ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಹಲಗೆಗೆ ಅಂಟಿಸಿ, ಮೇಲಿನಿಂದ ಬೆಳಕು ಬಿಡಿ. ಸುರುಳಿಯ ನೆರಳು ಹಲಗೆಯ ಮೇಲೆ ಬೀಳುತ್ತದಲ್ಲ, ಅದರ ಅಂದವೇ ಬೇರೆ.

ಕಾರ್ಡಿನ ಮೇಲೆ ಅಕ್ಷರದ ಅಳತೆ 24 ಪಾಯಿಂಟಿಗಿಂತ ಕೆಳಗೆ ಬೇಡ ಅನ್ನುವುದು ನನ್ನ ಲೆಕ್ಕ. ಚಿನ್ನದ ಫಾಯಿಲ್ ಒತ್ತಿಸುವುದಾದರೆ ಇನ್ನೂ ದೊಡ್ಡದಿರಲಿ. ಸಣ್ಣ ಸುರುಳಿಯ ನಡುವಿನ ಖಾಲಿ ಜಾಗಕ್ಕೆ ಫಾಯಿಲ್ ಕೂತು ಚುಕ್ಕೆ ಬಿದ್ದ ಹಾಗೆ ಆಗುತ್ತದೆ. ಒಂದು ಕುಬಸದ (ಸೀಮಂತದ) ಕಾರ್ಡಿಗೆ ನಾವು ಸರಿಯಾದ ಸೈಜಿನಲ್ಲೇ ಫೈಲ್ ಕೊಟ್ಟಿದ್ದೆವು. ಪ್ರೆಸ್ಸಿನವರು ಕಾಗದ ಉಳಿಸಲು ಕುಗ್ಗಿಸಿ ಹೊಡೆದರು. ಆ ಮನೆಯ ಅಜ್ಜಿ ಕಾರ್ಡ್ ಹಿಡಿದು, ‘ಒಳಗ ಎಲ್ಲಾ ಮುಚ್ಚಿ ಹೋಗೇತಿ ನೋಡವ್ವ, ಹೆಸರ ಕಾಣವಲ್ತು’ ಅಂದರು. ಪೂರ್ತಿ ಮತ್ತೆ ಹೊಡೆಸಿ ಕೊಡಬೇಕಾಯಿತು. ಅಂದಿನಿಂದ ಪ್ರೆಸ್ಸಿಗೆ ಫೈಲ್ ಕೊಡುವಾಗ ಸೈಜನ್ನು ಬರೆದೇ ಕೊಡುತ್ತೇನೆ.

ಈ ಫಾಂಟಿನಲ್ಲಿ ಬೋಲ್ಡ್ ಇಲ್ಲ, ಇಟಾಲಿಕ್ ಇಲ್ಲ. ಇರುವುದು ಒಂದೇ ದಪ್ಪ. ವರ್ಡ್‌ನಲ್ಲಿ ಬೋಲ್ಡ್ ಗುಂಡಿ ಒತ್ತಿದರೆ ದಪ್ಪ ಆಗುತ್ತದೆ ನಿಜ, ಆದರೆ ಅದು ಯಾರೋ ಬರೆದ ದಪ್ಪ ಅಕ್ಷರವಲ್ಲ. ಕಂಪ್ಯೂಟರ್ ಗೆರೆಯನ್ನು ಸುಮ್ನೆ ಉಬ್ಬಿಸುತ್ತದೆ, ಸುರುಳಿಗಳು ಮುಚ್ಚಿಕೊಳ್ಳುತ್ತವೆ. ಇದು ನನಗೆ ದೊಡ್ಡ ಕೊರತೆ. ಬೋರ್ಡ್ ಕೆಲಸಕ್ಕೆ ಒಂದು ದಪ್ಪ ರೂಪ ಇದ್ದಿದ್ದರೆ ಎಷ್ಟೋ ತೊಂದರೆ ತಪ್ಪುತ್ತಿತ್ತು. ಇನ್ನೊಂದು, ರೂಪಾಯಿ ಚಿಹ್ನೆ. ನಮ್ಮ ರೂಪಾಯಿ ಚಿಹ್ನೆ ಬಂದದ್ದು 2010ರಲ್ಲಿ, ಫಾಂಟ್ 1995ರದ್ದು. ಹಾಗಾಗಿ ಅದರಲ್ಲಿ ಅದು ಇಲ್ಲ. ಟೈಪ್ ಮಾಡಿದರೆ ಬೇರೆ ಫಾಂಟಿನ ಚಿಹ್ನೆ ಬಂದು ಕೂರುತ್ತದೆ, ಒಗ್ಗುವುದಿಲ್ಲ. ಮೆನು ಕಾರ್ಡಿನ ಬೆಲೆಗಳನ್ನು, ಮೊಬೈಲ್ ನಂಬರನ್ನು, ವಿಳಾಸವನ್ನು ಇದರಲ್ಲಿ ಬರೆಯಲೇಬೇಡಿ. ಫೋನ್ ಮಾಡುವವರು ನಂಬರನ್ನು ಒಂದೇ ನೋಟಕ್ಕೆ ಓದಬೇಕು. ಅಲ್ಲಿ ಅಲಂಕಾರ ಮಾಡಿದರೆ ಅಂಗಡಿಯವರಿಗೇ ನಷ್ಟ.

ಈಗ ಕನ್ನಡದ ಮಾತಿಗೆ ಬರುತ್ತೇನೆ. ನನಗೆ ಮುಖ್ಯವಾದದ್ದು ಇದೇ.

2024ರಲ್ಲಿ ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಅಂಗಡಿ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು. ಇದು ನನಗೆ ಬಹಳ ಖುಷಿ ಕೊಟ್ಟ ಬದಲಾವಣೆ. ಮೊದಲು ಎಷ್ಟೋ ಬೋರ್ಡಿನಲ್ಲಿ ಇಂಗ್ಲಿಷ್ ನಡುವೆ ಕುಣಿಯುತ್ತಿತ್ತು, ಕನ್ನಡ ಮೂಲೆಯಲ್ಲಿ ಇರುತ್ತಿತ್ತು. ಈಗ ಕನ್ನಡವೇ ಬೋರ್ಡಿನ ಮುಖ. ಅಂದರೆ ಕರ್ಲ್ಜ್ ಇನ್ನು ಕೆಳಗಿನ ಸಾಲಿನ ಅಕ್ಷರ. ಆಗ ಗಿರಾಕಿ ಕೇಳುವ ಮುಂದಿನ ಮಾತು ಒಂದೇ: ‘ಕನ್ನಡದಾಗೂ ಹಂಗ ಸುಳಿ ಮಾಡಿ ಕೊಡ್ರಿ.’

ನಾನು ಮಾಡಿ ಕೊಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಇಂಗ್ಲಿಷ್ ಅಕ್ಷರಕ್ಕೆ ಸುರುಳಿ ಬರೀ ಒಡವೆ. ತೆಗೆದರೂ ಅಕ್ಷರ ಅದೇ, ಹಾಕಿದರೂ ಅದೇ. ಕನ್ನಡದಲ್ಲಿ ಸುರುಳಿ ಅಂದರೆ ಉಚ್ಚಾರ. ‘ಒ’ ತಲೆಯ ಮೇಲೆ ಒಂದು ಸುರುಳಿ ಬಂದರೆ ಅದು ‘ಓ’ ಆಗುತ್ತದೆ. ‘ಒಲೆ’ ಹೋಗಿ ‘ಓಲೆ’ ಆಗುತ್ತದೆ. ‘ಕಿ’ ಪಕ್ಕದಲ್ಲಿ ಒಂದು ಸುತ್ತು ಬಂದರೆ ‘ಕೀ’. ‘ಕ’ ಕೆಳಗೆ ವಟ್ರಸುಳಿ ಇಳಿದರೆ ‘ಕೃ’. ‘ದ’ಗೂ ‘ಧ’ಗೂ ನಡುವೆ ಇರುವುದು ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು. ಇಷ್ಟು ಸೂಕ್ಷ್ಮವಾದ ಬರಹಕ್ಕೆ ಅಲಂಕಾರ ಅಂತ ಎಲ್ಲೆಂದರಲ್ಲಿ ಸುರುಳಿ ಅಂಟಿಸಿದರೆ ಓದುವವರು ದೀರ್ಘವೋ ಹ್ರಸ್ವವೋ ಅಂತ ತಡಕಾಡಬೇಕು. ಕೆಲವು ಬೋರ್ಡ್‌ಗಳಲ್ಲಿ ಇಂಥದ್ದನ್ನು ನೋಡಿದಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಹೆಸರನ್ನೇ ತಪ್ಪು ಓದುವ ಹಾಗೆ ಬರೆದು ಹೋಗಿರುತ್ತಾರೆ.

ಮೇಲಾಗಿ ನಮ್ಮ ಅಕ್ಷರಗಳು ಮೊದಲೇ ದುಂಡು. ತಲೆಕಟ್ಟು ಇದೆ, ಕೊಂಬು ಇದೆ, ಗುಡಿಸು ಇದೆ. ಕರ್ಲ್ಜ್ ಪಕ್ಕದಲ್ಲಿ ಸಾದಾ ಕನ್ನಡ ಅಕ್ಷರ ಇಟ್ಟು ನೋಡಿ. ಕನ್ನಡ ಏನೂ ಮಾಡದೆಯೇ ಅದರ ಜೊತೆ ಹೊಂದಿಕೊಳ್ಳುತ್ತದೆ. ಹೊಂದುವುದಿಲ್ಲ ಅನ್ನಿಸುವುದು ದಪ್ಪದಲ್ಲಿ ಮಾತ್ರ.

ಕನ್ನಡಕ್ಕೆ ನಾನು ಹೆಚ್ಚಾಗಿ ಬಳಸುವುದು ಬಲೂ ತಮ್ಮ 2 ಅನ್ನುವ ಫಾಂಟ್. ಎಕ್ ಟೈಪ್ ಅನ್ನುವ ಫಾಂಟ್ ತಂಡದವರು ಮಾಡಿದ್ದು, ಉಚಿತ. ಐದು ದಪ್ಪಗಳಲ್ಲಿ ಸಿಗುತ್ತದೆ. ತುದಿಗಳು ದುಂಡಗೆ, ಮುಖ ನಗುನಗುತ್ತಾ ಇರುತ್ತದೆ. ಬೋರ್ಡಿನ ಮೇಲೆ ಅದರ ಎಕ್ಸ್‌ಟ್ರಾ ಬೋಲ್ಡ್ ಇಟ್ಟು, ಕೆಳಗೆ ಕರ್ಲ್ಜ್ ಇಟ್ಟರೆ ಮೇಲಿನದು ದೂರದಿಂದ ಕರೆಯುತ್ತದೆ, ಕೆಳಗಿನದು ಹತ್ತಿರ ಬಂದವರಿಗೆ ಕಾಣುತ್ತದೆ. ಕಾರ್ಡಿಗೆ ಅದರದ್ದೇ ರೆಗ್ಯುಲರ್ ಸಾಕು. ಸ್ವಲ್ಪ ತುಂಟತನವೇ ಬೇಕು ಅನ್ನುವವರಿಗೆ ಆಕಾಯ ಕನಡಕ ಇದೆ. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಮಾಡಿದ ಅಲಂಕಾರದ ಫಾಂಟ್, ಇದೂ ಉಚಿತ. ಕನ್ನಡ ಗೊತ್ತಿರುವ ಕೈ ಮಾಡಿದ ಕಾರಣ ಎಷ್ಟು ಕುಣಿದರೂ ಅಕ್ಷರ ತಪ್ಪುವುದಿಲ್ಲ. ಆದರೆ ಅದನ್ನು ಹಾಕಿದಾಗ ಇಂಗ್ಲಿಷಿಗೆ ಕರ್ಲ್ಜ್ ಹಾಕಬೇಡಿ. ಆಕಾಯದಲ್ಲೇ ಇಂಗ್ಲಿಷ್ ಅಕ್ಷರವೂ ಇದೆ, ಅದನ್ನೇ ಬಳಸಿ. ಎರಡು ಕುಣಿಯುವ ಅಕ್ಷರ ಒಂದೇ ಬೋರ್ಡಿನಲ್ಲಿ ಬೇಡ.

ಸಾಲುಗಳ ನಡುವಿನ ಜಾಗದ ಬಗ್ಗೆ ಬಹಳ ಜನ ಯೋಚಿಸುವುದಿಲ್ಲ. ಕನ್ನಡ ಮೇಲಿರುತ್ತದೆ, ಅದರ ಒತ್ತಕ್ಷರ ಕೆಳಗೆ ಇಳಿಯುತ್ತದೆ. ‘ಲಕ್ಷ್ಮೀ’ ಅಂತ ಬರೆದರೆ ‘ಕ್ಷ್ಮೀ’ಯ ಒತ್ತುಗಳು ಎಷ್ಟು ಕೆಳಗೆ ಬರುತ್ತವೆ ನೋಡಿ. ಕರ್ಲ್ಜ್‌ನ ದೊಡ್ಡಕ್ಷರದ ಸುರುಳಿ ಮೇಲೆ ಏಳುತ್ತದೆ. ಎರಡೂ ನಡುವೆ ಡಿಕ್ಕಿ ಹೊಡೆದು ಅಲ್ಲೊಂದು ಗೋಜಲು ಆಗುತ್ತದೆ. ನಮ್ಮ ಕಡೆ ಲಕ್ಷ್ಮೀ, ಅನ್ನಪೂರ್ಣಾ, ಚೆನ್ನಮ್ಮ ಅನ್ನುವ ಹೆಸರಿನ ಅಂಗಡಿಗಳು ಎಷ್ಟಿಲ್ಲ! ಒತ್ತಕ್ಷರ ಇರುವ ಕಡೆ ಇಂಗ್ಲಿಷ್ ಸಾಲನ್ನು ಸ್ವಲ್ಪ ಎಡಕ್ಕೋ ಬಲಕ್ಕೋ ಸರಿಸಿ, ದೊಡ್ಡಕ್ಷರ ಒತ್ತಿನ ನೇರ ಕೆಳಗೆ ಬರದ ಹಾಗೆ ಕೂರಿಸುತ್ತೇನೆ. ಮರಾಠಿಯನ್ನೂ ಸೇರಿಸಿ ಮೂರು ಸಾಲು ಮಾಡಿಸುವವರಿಗೆ ಕರ್ಲ್ಜ್ ಬೇಡ ಅಂತ ನೇರವಾಗಿಯೇ ಹೇಳುತ್ತೇನೆ. ಮೂರು ಲಿಪಿ ಇರುವಾಗ ಅದು ಉಸಿರಾಡಲು ಜಾಗ ಉಳಿಯುವುದಿಲ್ಲ.

ಕಳೆದ ಸಲ ಕುಂದಾ ಪೊಟ್ಟಣದ ಲೇಬಲ್ ಮಾಡಿಸಲು ಒಬ್ಬರು ಬಂದಿದ್ದರು. ಗೋವಾ ಕಡೆಯ ಪ್ರವಾಸಿಗರು ಕೊಳ್ಳುತ್ತಾರೆ, ಇಂಗ್ಲಿಷ್ ಹೆಸರು ಕರ್ಲ್ಜ್‌ನಲ್ಲೇ ಇರಲಿ ಅಂದರು. ಮಾಡಿ ತೋರಿಸಿದೆ. ಮಕ್ಕಳ ಚಾಕಲೇಟಿನ ಡಬ್ಬಿಯ ಹಾಗೆ ಕಂಡಿತು. ಹಾಲನ್ನು ತಾಸುಗಟ್ಟಲೆ ಕಾಯಿಸಿ ಮಾಡುವ ಸಿಹಿ ಅದು, ಊರಿನ ಹೆಮ್ಮೆ. ಅದಕ್ಕೆ ಗಂಭೀರವಾದ ಅಕ್ಷರ ಬೇಕು. ಕೊನೆಗೆ ಕನ್ನಡಕ್ಕೂ ಇಂಗ್ಲಿಷಿಗೂ ತಿರೊ ಕನ್ನಡ ಅನ್ನುವ ಫಾಂಟ್ ಇಟ್ಟೆ, ಅವರಿಗೂ ಒಪ್ಪಿಗೆಯಾಯಿತು. ದವಾಖಾನೆ, ವಕೀಲರ ಕಚೇರಿ, ಸಹಕಾರಿ ಸಂಘ ಇಂಥವಕ್ಕೂ ಕರ್ಲ್ಜ್ ಕೇಳುವವರಿದ್ದಾರೆ. ಅಲ್ಲೆಲ್ಲಾ ಬೇಡವೇ ಬೇಡ.

ಕೆಲಸದ ಮಟ್ಟಿಗೆ ಒಂದೆರಡು ಮಾತು. ಕರ್ಲ್ಜ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಬೇರೆ ಫಾಂಟ್ ಬಂದುಬಿಡುತ್ತದೆ. ಕೋರಲ್ ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರವನ್ನು ಕರ್ವ್ (ಗೆರೆಯ ಚಿತ್ರ) ಮಾಡಿಯೇ ಕಳಿಸಿ. ಹಳೆಯ ಕೋರಲ್ ಇರುವವರಿಗೆ ಬಲೂ ತಮ್ಮದಂಥ ಯೂನಿಕೋಡ್ (ಈಗ ಕಂಪ್ಯೂಟರ್, ಮೊಬೈಲ್ ಎಲ್ಲಾ ಕಡೆ ನಡೆಯುವ ಅಕ್ಷರ ಸಂಕೇತ) ಫಾಂಟಿನಲ್ಲಿ ಒತ್ತಕ್ಷರ ಒಡೆದು ಬರುತ್ತದೆ. ಅವರು ಇಂಕ್‌ಸ್ಕೇಪ್ ಅನ್ನುವ ಇನ್ನೊಂದು ಡಿಸೈನ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ, ಅಲ್ಲೇ ಪಾತ್ (ಅಲ್ಲಿ ಕರ್ವ್‌ಗೆ ಇರುವ ಹೆಸರು) ಮಾಡಿಕೊಂಡು ಕೋರಲ್‌ಗೆ ತಂದರೆ ಸರಿಯಾಗುತ್ತದೆ. ನುಡಿ, ಶ್ರೀಲಿಪಿಯ ಹಳೆಯ (ಯೂನಿಕೋಡ್ ಅಲ್ಲದ) ಫಾಂಟ್ ಬಳಸುವವರಿಗೆ ಈ ತೊಂದರೆ ಇಲ್ಲ.

ಇನ್ನು ದುಡ್ಡಿನ ವಿಷಯ. ಎಲ್ಲರ ಹತ್ತಿರವೂ ಇದೆ ಅಂತ ಕರ್ಲ್ಜ್ ಪುಕ್ಕಟೆ ಫಾಂಟ್ ಅಲ್ಲ. ಆಫೀಸ್ ಕೊಂಡವರಿಗೆ ಅದರ ಜೊತೆ ಬರುತ್ತದೆ, ಪ್ರಿಂಟ್ ಕೆಲಸಕ್ಕೆ ಬಳಸಬಹುದು. ಆದರೆ ಮನೆ ಬಳಕೆಗೆ ಮಾತ್ರ ಅಂತ ಕೊಟ್ಟ ಆಫೀಸ್ ಆವೃತ್ತಿಯಿಂದ ವ್ಯಾಪಾರದ ಕೆಲಸ ಮಾಡುವಂತಿಲ್ಲ. ಪೆನ್‌ಡ್ರೈವ್‌ನಲ್ಲಿ ಫಾಂಟ್ ಫೈಲ್ ಹಂಚಿಕೊಳ್ಳುವುದೂ ಸರಿಯಲ್ಲ, ನಮ್ಮ ಕಸುಬಿನಲ್ಲಿ ಅದು ಮಾಮೂಲಿ ಆಗಿಬಿಟ್ಟಿದೆ. ಅಕ್ಷರ ಬರೆದವರ ದುಡಿಮೆ ಅದು. ಕೊಳ್ಳಲು ಆಗದವರಿಗೆ ಗೂಗಲ್ ಫಾಂಟ್ಸ್‌ನಲ್ಲಿ ಮೌಂಟನ್ಸ್ ಆಫ್ ಕ್ರಿಸ್ಮಸ್ ಅನ್ನುವ ಫಾಂಟ್ ಉಚಿತವಾಗಿ ಸಿಗುತ್ತದೆ. ಅದೂ ಹೀಗೇ ತುಂಟ ಸೆರಿಫ್. ಸುರುಳಿ ಕಡಿಮೆ, ಆದರೆ ಬೋಲ್ಡ್ ಇದೆ. ರೇಡಿಯಂ ಕೆಲಸಕ್ಕೆ ನಾನು ಈಗ ಅದನ್ನೇ ಮೊದಲು ತೋರಿಸುತ್ತೇನೆ.

ಕರ್ಲ್ಜ್‌ಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಬೋಲ್ಡ್ ಇಲ್ಲದ್ದಕ್ಕೆ ಒಂದು ಕಳೆದಿದ್ದೇನೆ, ರೂಪಾಯಿ ಚಿಹ್ನೆಗೆ ಅರ್ಧ. ಮಗುವಿನ ಹೆಸರಿನ ಬ್ಯಾಕ್‌ಡ್ರಾಪ್ ಒಂದಕ್ಕೇ ಆದರೆ ಐದಕ್ಕೆ ಐದು.